ಕಂಪ್ಯೂಟರಿನ ಶಕ್ತಿಪೆಟ್ಟಿಗೆ

ಯಂತ್ರವೊಂದು ಕೆಟ್ಟಿತೆಂದು ಹೇಳುವುದು ಸುಲಭ. ಅದರ ಯಾವ ಅಂಗ ಕೆಟ್ಟಿತೆಂದು ನಿಶ್ಚಯಿಸುವುದು ಕಷ್ಟ. ಮನೆಯ ಮೇಜಿನ ಮೇಲಿರುವ ಕಂಪ್ಯೂಟರಿನ ವಿಷಯದಲ್ಲಿ ಈ ಮಾತು ವಿಶೇಷವಾಗಿ ಸಲ್ಲುತ್ತದೆ. ನಿನ್ನೆ ರಾತ್ರಿಯವರೆಗೆ ನೆಟ್ಟಗೆ ಕೆಲಸ ಮಾಡುತ್ತಿದ್ದ ಯಂತ್ರ ಇಂದು ಬೆಳಗ್ಗೆ ಗುಂಡಿ ಒತ್ತಿದರೆ ಉತ್ತರ ಕೊಡುವುದಿಲ್ಲ. ದೀಪ ಹತ್ತುವುದಿಲ್ಲ, ಬೀಸಣಿಗೆ ತಿರುಗುವುದಿಲ್ಲ, ಪರದೆ ಕಪ್ಪಾಗಿಯೇ ಉಳಿಯುತ್ತದೆ. ನೋಡಲು ಬಂದವರಲ್ಲಿ ಒಬ್ಬರು ‘ಮದರ್‌ಬೋರ್ಡು ಹೋಗಿದೆ’ ಎನ್ನುತ್ತಾರೆ. ಇನ್ನೊಬ್ಬರು ‘ಹಳೆಯದಾಯಿತು, ಹೊಸದನ್ನೇ ತನ್ನಿ’ ಎನ್ನುತ್ತಾರೆ. ಈ ತೀರ್ಪುಗಳ ಹಿಂದೆ ಪರೀಕ್ಷೆಯ ಆಧಾರವಿರುವುದು ಅಪರೂಪ. ಮನೆಯವರಿಗಾದರೋ ಅದು ಸಣ್ಣ ಸಂಗತಿಯಲ್ಲ. ಹಲವು ತಿಂಗಳು ಹಣ ಕೂಡಿಸಿ ಕೊಂಡ ಯಂತ್ರ ಅದು. ವರ್ಷಗಟ್ಟಲೆ ಬರೆದಿಟ್ಟ ಲೆಕ್ಕಪತ್ರಗಳೂ ಮಕ್ಕಳ ಪಾಠಗಳೂ ಅದರೊಳಗಿವೆ. ಇಂತಹ ಸಂದರ್ಭದಲ್ಲಿ ಎಲ್ಲಕ್ಕಿಂತ ಮೊದಲು ವಿಚಾರಿಸಬೇಕಾದುದು ಮದರ್‌ಬೋರ್ಡನ್ನಲ್ಲ, ಯಂತ್ರದ ಹಿಂಬದಿಯ ಒಂದು ಮೂಲೆಯಲ್ಲಿ ಯಾರ ಗಮನಕ್ಕೂ ಬಾರದೆ ಕುಳಿತಿರುವ ಒಂದು ತಗಡಿನ ಪೆಟ್ಟಿಗೆಯನ್ನು. ಅಂಗಡಿಯವರು ಇದನ್ನು ಪವರ್ ಸಪ್ಲೈ ಎಂದು ಕರೆಯುತ್ತಾರೆ. ಈ ಪಾಠದಲ್ಲಿ ನಾವು ಶಕ್ತಿಪೆಟ್ಟಿಗೆ ಎಂದು ಕರೆಯೋಣ.

ಈ ಪೆಟ್ಟಿಗೆ ಏಕೆ ಬೇಕಾಯಿತು? ನಮ್ಮ ಮನೆಗಳಿಗೆ ಬರುವ ವಿದ್ಯುತ್ತು ಪರ್ಯಾಯ ಪ್ರವಾಹ. ಅಂದರೆ ಒಂದು ಸೆಕೆಂಡಿಗೆ ೫೦ ಆವರ್ತಗಳಂತೆ ಹಿಂದಕ್ಕೂ ಮುಂದಕ್ಕೂ ತೂಗುವ ಪ್ರವಾಹ. ಅದರ ಒತ್ತಡ ೨೩೦ ವೋಲ್ಟ್. ವಿದ್ಯುತ್ತನ್ನು ಬಹುದೂರ ಸಾಗಿಸಬೇಕಾದರೆ ಪರ್ಯಾಯ ಪ್ರವಾಹವೇ ಅನುಕೂಲ. ಪರಿವರ್ತಕಗಳ ಸಹಾಯದಿಂದ ಅದರ ಒತ್ತಡವನ್ನು ಹೊರಡುವ ಕಡೆ ಏರಿಸಬಹುದು, ತಲುಪುವ ಕಡೆ ಇಳಿಸಬಹುದು. ೧೯೦೨ರಲ್ಲಿ ಶಿವನಸಮುದ್ರದ ಜಲಪಾತದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದುದು ಹೀಗೆಯೇ. ಆದರೆ ಕಂಪ್ಯೂಟರಿನ ಒಳ ಅಂಗಗಳಿಗೆ ಬೇಕಾದುದು ಬೇರೆ ಬಗೆಯ ಆಹಾರ. ಅವುಗಳಿಗೆ ಒಂದೇ ದಿಕ್ಕಿನಲ್ಲಿ, ಏರಿಳಿತವಿಲ್ಲದೆ ಹರಿಯುವ ನೇರ ಪ್ರವಾಹ ಬೇಕು. ಅದೂ ೧೨ ವೋಲ್ಟ್, ೫ ವೋಲ್ಟ್, ೩.೩ ವೋಲ್ಟ್ ಎಂಬ ಸಣ್ಣ ಅಳತೆಗಳಲ್ಲಿ. ಲೆಕ್ಕ ಮಾಡುವ ಮುಖ್ಯ ಸಂಸ್ಕಾರಕ್ಕಂತೂ ಸುಮಾರು ಒಂದು ವೋಲ್ಟ್ ಸಾಕು. ಅದನ್ನು ಮದರ್‌ಬೋರ್ಡು ತನಗೆ ದೊರೆತ ೧೨ ವೋಲ್ಟಿನಿಂದ ತಾನೇ ತಯಾರಿಸಿಕೊಡುತ್ತದೆ. ಬೀದಿಯ ಕಂಬದಿಂದ ಬರುವ ಒರಟು ವಿದ್ಯುತ್ತನ್ನು ಈ ನಾಜೂಕಿನ ಅಂಗಗಳಿಗೆ ಒಗ್ಗುವಂತೆ ಹದಗೊಳಿಸಿ ಹಂಚುವುದೇ ಶಕ್ತಿಪೆಟ್ಟಿಗೆಯ ಕೆಲಸ.

ಈ ಕೆಲಸ ನಡೆಯುವ ಕ್ರಮವನ್ನು ತಿಳಿದುಕೊಂಡರೆ ಮುಂದಿನ ಎಚ್ಚರಿಕೆಯ ಮಾತುಗಳು ತಾವಾಗಿಯೇ ಅರ್ಥವಾಗುತ್ತವೆ. ಪೆಟ್ಟಿಗೆಯೊಳಗೆ ಬಂದ ಪರ್ಯಾಯ ಪ್ರವಾಹವನ್ನು ಡಯೋಡುಗಳೆಂಬ ಏಕಮುಖ ಬಾಗಿಲುಗಳು ಮೊದಲು ಒಂದೇ ದಿಕ್ಕಿಗೆ ತಿರುಗಿಸುತ್ತವೆ. ೨೩೦ ವೋಲ್ಟ್ ಎಂಬುದು ಅಲೆಯ ಪರಿಣಾಮಕಾರಿ ಬೆಲೆ. ಆ ಅಲೆಯ ತುದಿ ಸುಮಾರು ೩೨೫ ವೋಲ್ಟಿನವರೆಗೆ ಏರುತ್ತದೆ. ಈ ತುದಿಯ ಒತ್ತಡವನ್ನು ಕೆಪ್ಯಾಸಿಟರ್ ಎಂಬ ಧಾರಕವೊಂದು ತುಂಬಿಕೊಂಡು ನಿಲ್ಲುತ್ತದೆ. ಕೆಲವು ಹೊಸ ಪೆಟ್ಟಿಗೆಗಳಲ್ಲಿ ಇದು ಇನ್ನೂ ಹೆಚ್ಚು, ೩೮೦ ವೋಲ್ಟಿನ ಆಸುಪಾಸಿಗೆ ಹೋಗುತ್ತದೆ. ಅನಂತರ ಟ್ರಾನ್ಸಿಸ್ಟರುಗಳು ಆ ಪ್ರವಾಹವನ್ನು ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಕಡಿದು ಕಡಿದು ಒಂದು ಪುಟ್ಟ ಪರಿವರ್ತಕಕ್ಕೆ ಉಣಿಸುತ್ತವೆ. ಕಡಿತದ ವೇಗ ಹೆಚ್ಚಿದಷ್ಟೂ ಪರಿವರ್ತಕ ಚಿಕ್ಕದಾದರೆ ಸಾಕು. ಹಳೆಯ ರೇಡಿಯೋ ಪೆಟ್ಟಿಗೆಗಳಲ್ಲಿ ಕಬ್ಬಿಣದ ಗಟ್ಟಿಯಂತೆ ಭಾರವಾಗಿದ್ದ ಪರಿವರ್ತಕದ ಕೆಲಸವನ್ನು ಇಲ್ಲಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಸುರುಳಿ ಮಾಡುತ್ತದೆ. ಪರಿವರ್ತಕದಿಂದ ಇಳಿದು ಬಂದ ವಿದ್ಯುತ್ತನ್ನು ಮತ್ತೊಮ್ಮೆ ನೇರಗೊಳಿಸಿ, ಸೋಸಿ, ಬಣ್ಣಬಣ್ಣದ ತಂತಿಗಳ ಮೂಲಕ ಹೊರಕ್ಕೆ ಬಿಡಲಾಗುತ್ತದೆ. ೧೯೭೭ರಲ್ಲಿ ಹೊರಬಂದ ಆಪಲ್ ೨ ಎಂಬ ಗೃಹಗಣಕಕ್ಕೆ ರಾಡ್ ಹೋಲ್ಟ್ ಎಂಬ ತಂತ್ರಜ್ಞರು ಇದೇ ಬಗೆಯ ಹಗುರವಾದ ಶಕ್ತಿಪೆಟ್ಟಿಗೆಯನ್ನು ರೂಪಿಸಿದರು. ೧೯೮೧ರಲ್ಲಿ ಐ.ಬಿ.ಎಂ. ಸಂಸ್ಥೆಯ ಮೊದಲ ವೈಯಕ್ತಿಕ ಗಣಕ ಬಂದಾಗ ಅದರ ಪೆಟ್ಟಿಗೆಯ ಸಾಮರ್ಥ್ಯ ಕೇವಲ ೬೩.೫ ವ್ಯಾಟ್, ಅಂದರೆ ಒಂದು ಹಳೆಯ ವಿದ್ಯುದ್ದೀಪಕ್ಕೆ ಬೇಕಾಗುವಷ್ಟು. ಇಂದಿನ ಪೆಟ್ಟಿಗೆಗಳ ಸಾಮರ್ಥ್ಯ ಹಲವು ನೂರು ವ್ಯಾಟ್.

ಮೇಲೆ ಹೇಳಿದ ಧಾರಕದ ವಿಷಯವನ್ನು ಇಲ್ಲಿಯೇ ಪೂರ್ತಿಯಾಗಿ ಹೇಳಿಬಿಡಬೇಕು. ಗೋಡೆಯಿಂದ ತಂತಿಯನ್ನು ಕಿತ್ತ ಮೇಲೂ ಅದರಲ್ಲಿ ೩೦೦ ವೋಲ್ಟಿಗೆ ಮೀರಿದ ಒತ್ತಡ ಕೆಲವು ಕಾಲ ಉಳಿದಿರಬಹುದು. ಅದನ್ನು ಮೆಲ್ಲನೆ ಬಸಿದು ಖಾಲಿ ಮಾಡುವ ಸಣ್ಣ ಅಂಗವೊಂದನ್ನು ಒಳಗೆ ಇಟ್ಟಿರುತ್ತಾರೆ ನಿಜ. ಆದರೆ ಕೆಟ್ಟ ಪೆಟ್ಟಿಗೆಯಲ್ಲಿ ಆ ಅಂಗವೇ ಕೆಟ್ಟಿಲ್ಲವೆಂದು ಯಾರು ಹೇಳಬೇಕು? ತಂತಿ ಕಿತ್ತಿದ್ದೇನೆ, ಇನ್ನೇನು ಭಯ ಎಂದು ತಿರುಪು ಬಿಚ್ಚಿ ಒಳಗೆ ಬೆರಳಿಟ್ಟವನ ಪ್ರಾಣಕ್ಕೆ ಅಪಾಯವುಂಟು. ಆದುದರಿಂದ ಈ ಪಾಠದಲ್ಲಿ ಹೇಳುವ ಪರೀಕ್ಷೆಗಳೆಲ್ಲವೂ ಪೆಟ್ಟಿಗೆಯ ಹೊರಗೆ, ಅದರಿಂದ ಹೊರಬರುವ ತಂತಿಗಳಲ್ಲಿ ಮಾತ್ರ ನಡೆಯತಕ್ಕವು. ಪೆಟ್ಟಿಗೆಯ ಮುಚ್ಚಳವನ್ನು ತೆಗೆಯುವುದು ಈ ವಿದ್ಯೆಯಲ್ಲಿ ವಿಶೇಷ ತರಬೇತಿ ಪಡೆದವರ ಕೆಲಸ. ಹೊರಗಿನ ಪರೀಕ್ಷೆಗಳನ್ನು ಕೂಡ ನೀವು ಒಬ್ಬರೇ ಮಾಡಲಾಗದು. ವಿದ್ಯುತ್ತಿನ ಪರಿಚಯವಿರುವ ಹಿರಿಯರು ಪಕ್ಕದಲ್ಲಿರಬೇಕು. ಕೈ ಒದ್ದೆಯಾಗಿರಬಾರದು, ಕಾಲಿಗೆ ಒಣ ಚಪ್ಪಲಿ ಇರಬೇಕು, ಕೈಗೆ ಲೋಹದ ಬಳೆ ಕಡಗಗಳು ಇರಬಾರದು. ಪೆಟ್ಟಿಗೆಯಿಂದ ಸುಟ್ಟ ವಾಸನೆಯೋ ಹೊಗೆಯೋ ಬಂದಿದ್ದರೆ, ಅಥವಾ ಒಳಗೆ ಪಟ್ಟೆಂದು ಸದ್ದಾಗಿದ್ದರೆ ಯಾವ ಪರೀಕ್ಷೆಯೂ ಬೇಕಿಲ್ಲ. ಅದು ತನ್ನ ತೀರ್ಪನ್ನು ತಾನೇ ಕೊಟ್ಟಿದೆ.

ಉಳಿದ ಸಂದರ್ಭಗಳಲ್ಲಿ ಪರೀಕ್ಷೆ ಗೋಡೆಯಿಂದ ಆರಂಭವಾಗಬೇಕು. ಕಂಪ್ಯೂಟರಿಗೆ ವಿದ್ಯುತ್ತು ಕೊಡುವ ಸಾಕೆಟ್ಟಿಗೆ ಒಂದು ಮೇಜಿನ ದೀಪವನ್ನು ಚುಚ್ಚಿ ನೋಡಿದರೆ ಸಾಕೆಟ್ಟು ಸರಿಯೆ ಎಂಬುದು ತಿಳಿಯುತ್ತದೆ. ನಡುವೆ ಯು.ಪಿ.ಎಸ್. ಯಂತ್ರವೋ ಉದ್ದನೆಯ ಸಾಕೆಟ್ ಪಟ್ಟಿಯೋ ಇದ್ದರೆ ಅವನ್ನು ಬಿಟ್ಟು ನೇರವಾಗಿ ಜೋಡಿಸಿ ನೋಡಬೇಕು. ಕಂಪ್ಯೂಟರಿನ ತಂತಿಯನ್ನು ಬದಲಿಸಿ ನೋಡಬೇಕು. ಇಲಿ ಕಡಿದ ತಂತಿಯ ಮೇಲಿನ ಕೋಪ ಮದರ್‌ಬೋರ್ಡಿನ ಮೇಲೆ ತಿರುಗುವುದುಂಟು. ಪೆಟ್ಟಿಗೆಯ ಬೆನ್ನಿನಲ್ಲಿ ಒಂದು ಪುಟ್ಟ ಸ್ವಿಚ್ಚು ಇರುತ್ತದೆ. ಕಸ ಗುಡಿಸುವಾಗ ಅದು ಕೈತಾಗಿ ಆರಿಹೋಗಿರಬಹುದು. ಹಳೆಯ ಪೆಟ್ಟಿಗೆಗಳಲ್ಲಿ ೧೧೫ ಮತ್ತು ೨೩೦ ಎಂದು ಬರೆದ ಕೆಂಪು ಜಾರುಗುಂಡಿಯೂ ಇರುವುದುಂಟು. ಅಮೆರಿಕದಂತಹ ದೇಶಗಳ ಕಡಿಮೆ ಒತ್ತಡದ ವಿದ್ಯುತ್ತಿಗಾಗಿ ಮಾಡಿದ ಏರ್ಪಾಡು ಅದು. ನಮ್ಮಲ್ಲಿ ಅದು ಸದಾ ೨೩೦ರ ಕಡೆಗೇ ಇರಬೇಕು. ಕುತೂಹಲಕ್ಕಾಗಿ ಅದನ್ನು ೧೧೫ಕ್ಕೆ ಸರಿಸಿ ಸ್ವಿಚ್ಚು ಹಾಕಿದರೆ ಪೆಟ್ಟಿಗೆ ಆ ಕ್ಷಣದಲ್ಲಿಯೇ ಸುಟ್ಟುಹೋಗುವುದು.

ಇಷ್ಟರಲ್ಲಿ ದೋಷ ಸಿಕ್ಕದಿದ್ದರೆ ಪೆಟ್ಟಿಗೆಯ ಬಳಿಗೆ ಬರಬಹುದು. ಇದಕ್ಕೆ ಬೇಕಾದ ಉಪಕರಣ ಮಲ್ಟಿಮೀಟರು. ವಿದ್ಯುತ್ ಪ್ರವಾಹ, ಒತ್ತಡ, ರೋಧ ಎಂಬ ಮೂರನ್ನೂ ಒಂದೇ ಉಪಕರಣದಲ್ಲಿ ಅಳೆಯುವ ಏರ್ಪಾಡು ಇಂಗ್ಲೆಂಡಿನಲ್ಲಿ ೧೯೨೩ರಲ್ಲಿ ಮಾರುಕಟ್ಟೆಗೆ ಬಂದಿತು. ಆಂಪೇರ್, ವೋಲ್ಟ್, ಓಮ್ ಎಂಬ ಮೂರು ಮಾನಗಳ ಮೊದಲ ಅಕ್ಷರಗಳನ್ನು ಕೂಡಿಸಿ ಅದನ್ನು ಅವೋಮೀಟರ್ ಎಂದು ಕರೆದರು. ಇಂದು ಅಂಕಿಗಳನ್ನು ತೋರಿಸುವ ಸಾಮಾನ್ಯ ಮಲ್ಟಿಮೀಟರು ರೇಡಿಯೋ ದುರಸ್ತಿಯ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ದೊರೆಯುತ್ತದೆ. ಅದರ ಚಕ್ರವನ್ನು ನೇರ ಪ್ರವಾಹದ ೨೦ ವೋಲ್ಟಿನ ಗುರುತಿಗೆ ತಿರುಗಿಸಬೇಕು. ಕಪ್ಪು ಕಡ್ಡಿಯ ತಂತಿ ‘ಕಾಮ್’ ಎಂದು ಬರೆದ ರಂಧ್ರದಲ್ಲಿಯೂ ಕೆಂಪು ಕಡ್ಡಿಯ ತಂತಿ ವೋಲ್ಟಿನ ರಂಧ್ರದಲ್ಲಿಯೂ ಇರಬೇಕು. ಕೆಂಪು ತಂತಿ ಆಂಪೇರಿನ ರಂಧ್ರದಲ್ಲಿ ಉಳಿದಿದ್ದರೆ ಮೀಟರು ಅಳೆಯುವ ಬದಲು ಎರಡು ತಂತಿಗಳ ನಡುವೆ ನೇರ ಸೇತುವೆಯಾಗಿ ನಿಂತು ಕಿಡಿ ಹಾರಿಸುತ್ತದೆ. ಪ್ರತಿಸಲವೂ ಕಡ್ಡಿಗಳನ್ನು ಊರುವ ಮುನ್ನ ರಂಧ್ರಗಳ ಕಡೆಗೆ ಒಮ್ಮೆ ಕಣ್ಣು ಹಾಯಿಸುವುದು ಅನುಭವಿಗಳ ರೂಢಿ.

ಇನ್ನು ತಂತಿಗಳ ಬಣ್ಣದ ಭಾಷೆ. ೧೯೯೫ರಲ್ಲಿ ಇಂಟೆಲ್ ಸಂಸ್ಥೆ ಎ.ಟಿ.ಎಕ್ಸ್. ಎಂಬ ಹೆಸರಿನ ಒಂದು ಮಾದರಿ ಕಟ್ಟಳೆಯನ್ನು ಪ್ರಕಟಿಸಿತು. ಅಂದಿನಿಂದ ಬಹುಪಾಲು ಮೇಜಿನ ಕಂಪ್ಯೂಟರುಗಳ ಶಕ್ತಿಪೆಟ್ಟಿಗೆಗಳು ಒಂದೇ ಪದ್ಧತಿಯನ್ನು ಅನುಸರಿಸಿವೆ. ಮದರ್‌ಬೋರ್ಡಿಗೆ ಹೋಗುವ ಅಗಲವಾದ ಪ್ಲಗ್ಗಿನಲ್ಲಿ ಮೊದಲು ೨೦ ಮನೆಗಳಿದ್ದವು, ಈಗ ೨೪. ಅದರಲ್ಲಿ ಹಳದಿ ತಂತಿ ೧೨ ವೋಲ್ಟಿನದು, ಕೆಂಪು ೫ ವೋಲ್ಟಿನದು, ಕಿತ್ತಳೆ ೩.೩ ವೋಲ್ಟಿನದು. ಕಪ್ಪು ತಂತಿಗಳೆಲ್ಲ ಪ್ರವಾಹ ಹಿಂತಿರುಗುವ ದಾರಿಗಳು. ಎಲ್ಲ ಅಳತೆಗಳಿಗೂ ಅವೇ ಸೊನ್ನೆಯ ನೆಲೆ. ನೀಲಿ ತಂತಿಯಲ್ಲಿ ೧೨ ವೋಲ್ಟ್ ಋಣ ಒತ್ತಡವಿರುತ್ತದೆ. ಇವಲ್ಲದೆ ಒಂಟಿಯಾಗಿರುವ ಮೂರು ತಂತಿಗಳಿವೆ, ನೇರಳೆ, ಹಸಿರು, ಬೂದು ಬಣ್ಣದವು. ಪೆಟ್ಟಿಗೆಯ ಗುಟ್ಟೆಲ್ಲ ಈ ಮೂರರಲ್ಲಿದೆ ಎಂದರೂ ಸಲ್ಲುತ್ತದೆ.

ನೀವು ಕಂಪ್ಯೂಟರಿನ ಮುಂದಿನ ಗುಂಡಿಯನ್ನು ಒತ್ತಿದಾಗ ದೀಪದ ಸ್ವಿಚ್ಚಿನಂತೆ ಅದು ವಿದ್ಯುತ್ತನ್ನು ನೇರವಾಗಿ ಹರಿಯಬಿಡುವುದಿಲ್ಲ. ಎ.ಟಿ.ಎಕ್ಸ್. ಪದ್ಧತಿ ಬರುವುದಕ್ಕೆ ಮುಂಚೆ ಹಾಗೆಯೇ ಇತ್ತು. ಈಗಿನ ಗುಂಡಿ ಮಾಡುವುದು ಒಂದು ಅರಿಕೆ ಮಾತ್ರ. ಯಂತ್ರ ನಿದ್ರಿಸುವಾಗಲೂ ನೇರಳೆ ತಂತಿಯಲ್ಲಿ ೫ ವೋಲ್ಟಿನ ಸಣ್ಣ ಪ್ರವಾಹ ಸದಾ ಸಿದ್ಧವಾಗಿರುತ್ತದೆ. ರಾತ್ರಿ ಬಾಗಿಲಲ್ಲಿ ಉಳಿದ ಕಾವಲುಗಾರನಂತೆ. ಗುಂಡಿಯ ಅರಿಕೆ ಬಂದೊಡನೆ ಮದರ್‌ಬೋರ್ಡು ಎಚ್ಚೆತ್ತು ಹಸಿರು ತಂತಿಯನ್ನು ಸೊನ್ನೆಯ ನೆಲೆಗೆ, ಅಂದರೆ ಕಪ್ಪು ತಂತಿಗೆ, ಸೇರಿಸುತ್ತದೆ. ಪೆಟ್ಟಿಗೆಗೆ ಅದೇ ಅಪ್ಪಣೆ. ಆಗ ಅದು ಉಳಿದ ಒತ್ತಡಗಳನ್ನೆಲ್ಲ ಉತ್ಪಾದಿಸತೊಡಗುತ್ತದೆ. ಅವೆಲ್ಲ ಸ್ಥಿರಗೊಂಡುವೆಂದು ಖಚಿತವಾದ ಮೇಲೆ, ಸೆಕೆಂಡಿನ ಹತ್ತನೆಯ ಒಂದು ಭಾಗದಿಂದ ಅರ್ಧ ಸೆಕೆಂಡಿನೊಳಗೆ, ಬೂದು ತಂತಿಯಲ್ಲಿ ಸುಮಾರು ೫ ವೋಲ್ಟನ್ನು ತೋರಿಸಿ ‘ಎಲ್ಲ ಸರಿ’ ಎಂದು ತಿಳಿಸುತ್ತದೆ. ಆ ಸುದ್ದಿ ಬರುವವರೆಗೆ ಸಂಸ್ಕಾರಕ ಕೆಲಸಕ್ಕೆ ಕೈಹಾಕುವುದಿಲ್ಲ. ಕ್ಷಣಾರ್ಧದಲ್ಲಿ ಮುಗಿದುಹೋಗುವ ಈ ಸಂಭಾಷಣೆಯಲ್ಲಿ ಎಷ್ಟು ಶಿಸ್ತಿದೆ ನೋಡಿ!

ಪರೀಕ್ಷೆಯ ಮೊದಲ ಹೆಜ್ಜೆ ಕಾವಲುಗಾರನನ್ನು ವಿಚಾರಿಸುವುದು. ಗೋಡೆಯ ತಂತಿಯನ್ನು ಕಿತ್ತು, ಕಂಪ್ಯೂಟರಿನ ಪಕ್ಕದ ಹಲಗೆಯನ್ನು ತೆಗೆದು, ಶಕ್ತಿಪೆಟ್ಟಿಗೆಯಿಂದ ಹೊರಟ ಎಲ್ಲ ಪ್ಲಗ್ಗುಗಳನ್ನೂ ಮದರ್‌ಬೋರ್ಡು, ಡಿಸ್ಕು ಮುಂತಾದ ಅಂಗಗಳಿಂದ ಬಿಡಿಸಬೇಕು. ಎಳೆಯುವಾಗ ಪ್ಲಗ್ಗಿನ ಕೊಕ್ಕೆಯನ್ನು ಒತ್ತಿ ಹಿಡಿಯಬೇಕು. ತಂತಿಯನ್ನು ಹಿಡಿದು ಜಗ್ಗಬಾರದು. ಅನಂತರ ಗೋಡೆಯ ತಂತಿಯನ್ನು ಮತ್ತೆ ಜೋಡಿಸಿ, ಬೆನ್ನಿನ ಸ್ವಿಚ್ಚು ಹಾಕಿ, ಮೀಟರಿನ ಕಪ್ಪು ಕಡ್ಡಿಯನ್ನು ಯಾವುದಾದರೂ ಕಪ್ಪು ತಂತಿಯ ಮನೆಗೂ ಕೆಂಪು ಕಡ್ಡಿಯನ್ನು ನೇರಳೆ ತಂತಿಯ ಮನೆಗೂ ತಾಗಿಸಿದರೆ ೫ ವೋಲ್ಟ್ ಕಾಣಬೇಕು. ಕಾಣದಿದ್ದರೆ ಪೆಟ್ಟಿಗೆ ಸತ್ತಿದೆ. ಮುಂದಿನ ಪರೀಕ್ಷೆಗೆ ಅವಕಾಶವೇ ಇಲ್ಲ.

ಕಂಡರೆ ಎರಡನೆಯ ಹೆಜ್ಜೆ. ಮದರ್‌ಬೋರ್ಡು ಕೊಡಬೇಕಾದ ಅಪ್ಪಣೆಯನ್ನು ನಾವೇ ಕೊಟ್ಟು ನೋಡುವುದು. ಮತ್ತೊಮ್ಮೆ ಗೋಡೆಯ ತಂತಿಯನ್ನು ಕೀಳಬೇಕು. ಕಾಗದಗಳನ್ನು ಸೇರಿಸುವ ಲೋಹದ ಕ್ಲಿಪ್ಪೊಂದನ್ನು ಆಂಗ್ಲ ‘ಯು’ ಅಕ್ಷರದಂತೆ ಬಗ್ಗಿಸಿ, ಅದರ ಒಂದು ತುದಿಯನ್ನು ಹಸಿರು ತಂತಿಯ ಮನೆಯಲ್ಲಿಯೂ ಇನ್ನೊಂದನ್ನು ಪಕ್ಕದ ಕಪ್ಪು ತಂತಿಯ ಮನೆಯಲ್ಲಿಯೂ ಬಿಗಿಯಾಗಿ ಕೂರಿಸಬೇಕು. ಪ್ಲಗ್ಗಿನ ಕೊಕ್ಕೆ ಇರುವ ಸಾಲಿನಲ್ಲಿಯೇ ಹಸಿರು ತಂತಿ ಇದೆ. ಅದರ ಎರಡು ಪಕ್ಕಗಳಲ್ಲಿಯೂ ಕಪ್ಪು ತಂತಿಗಳಿವೆ. ಈಚಿನ ಕೆಲವು ಪೆಟ್ಟಿಗೆಗಳಲ್ಲಿ ಎಲ್ಲ ತಂತಿಗಳೂ ಕಪ್ಪಾಗಿರುವುದರಿಂದ ಅಲ್ಲಿ ಬಣ್ಣವನ್ನು ನಂಬುವಂತಿಲ್ಲ. ತಯಾರಕರು ಕೊಟ್ಟ ನಕ್ಷೆಯನ್ನು ನೋಡಿ ಮನೆಯನ್ನು ಗುರುತಿಸಬೇಕು. ಊಹೆಯಿಂದ ಚುಚ್ಚಲಾಗದು. ಕೆಲವು ದೊಡ್ಡ ಸಂಸ್ಥೆಗಳು ತಮ್ಮ ಕಂಪ್ಯೂಟರುಗಳಿಗೆ ತಮ್ಮದೇ ಆದ ಬೇರೆ ಪ್ಲಗ್ಗುಗಳನ್ನು ಬಳಸುತ್ತವೆ. ೧೨ ವೋಲ್ಟನ್ನು ಮಾತ್ರ ಕೊಡುವ ಪೆಟ್ಟಿಗೆಗಳೂ ಬಂದಿವೆ. ಅವುಗಳಿಗೆ ಈ ಪಾಠದ ಲೆಕ್ಕ ಹೊಂದುವುದಿಲ್ಲ. ಪೆಟ್ಟಿಗೆಗೆ ಏನೂ ಹೊರೆಯಿಲ್ಲದೆ ಇರುವುದು ಒಳಿತಲ್ಲವಾದ್ದರಿಂದ ಒಂದು ಹಳೆಯ ಡಿಸ್ಕನ್ನೋ ಬೀಸಣಿಗೆಯನ್ನೋ ಜೋಡಿಸಿಡಬೇಕು. ಒಳಗೆ ಬೆಲೆಯುಳ್ಳ ಬರಹಗಳಿರುವ ಡಿಸ್ಕನ್ನು ಮಾತ್ರ ಇದಕ್ಕೆ ಬಳಸಬಾರದು.

ಈಗ ಕ್ಲಿಪ್ಪಿನಿಂದ ಕೈತೆಗೆದು, ಗೋಡೆಯ ತಂತಿಯನ್ನು ಜೋಡಿಸಿ ಸ್ವಿಚ್ಚು ಹಾಕಿದರೆ ಪೆಟ್ಟಿಗೆಯ ಬೀಸಣಿಗೆ ತಿರುಗಬೇಕು. ಹೊರೆ ಕಡಿಮೆಯಿದ್ದಾಗ ಬೀಸಣಿಗೆಯನ್ನು ನಿಲ್ಲಿಸಿಯೇ ಇಡುವ ಪೆಟ್ಟಿಗೆಗಳೂ ಇರುವುದರಿಂದ ನಾವು ಜೋಡಿಸಿದ ಬೀಸಣಿಗೆಯ ಕಡೆಗೆ ನೋಡುವುದು ಲೇಸು. ತಿರುಗಿದರೆ ಮೀಟರಿನಿಂದ ಒಂದೊಂದೇ ತಂತಿಯನ್ನು ಅಳೆಯಬಹುದು. ಅಳತೆ ಕೂದಲೆಳೆಯಷ್ಟೂ ತಪ್ಪಬಾರದೆಂಬ ನಿಯಮವೇನೂ ಇಲ್ಲ. ನೂರಕ್ಕೆ ಐದರಷ್ಟು ಹೆಚ್ಚುಕಡಿಮೆಗೆ ಕಟ್ಟಳೆಯೇ ಅವಕಾಶ ಕೊಟ್ಟಿದೆ. ಆ ಲೆಕ್ಕದಂತೆ ಹಳದಿ ತಂತಿಯಲ್ಲಿ ೧೧.೪ರಿಂದ ೧೨.೬ ವೋಲ್ಟಿನವರೆಗೆ, ಕೆಂಪು ಮತ್ತು ನೇರಳೆಯಲ್ಲಿ ೪.೭೫ರಿಂದ ೫.೨೫ರವರೆಗೆ, ಕಿತ್ತಳೆಯಲ್ಲಿ ೩.೧೪ರಿಂದ ೩.೪೭ರವರೆಗೆ ಇರಬಹುದು. ನೀಲಿಗೆ ನೂರಕ್ಕೆ ಹತ್ತರಷ್ಟು ರಿಯಾಯಿತಿಯುಂಟು, ಋಣ ೧೦.೮ರಿಂದ ಋಣ ೧೩.೨ರವರೆಗೆ. ಬೂದು ತಂತಿಯಲ್ಲಿ ೫ಕ್ಕೆ ಸಮೀಪವಾದ ಒತ್ತಡವಿರಬೇಕು. ಅಲ್ಲಿ ಸೊನ್ನೆ ಕಂಡರೆ, ಉಳಿದ ತಂತಿಗಳು ಏನೇ ಹೇಳಲಿ, ಪೆಟ್ಟಿಗೆ ತನ್ನ ಮೇಲೆ ತನಗೇ ನಂಬಿಕೆಯಿಲ್ಲವೆಂದು ಸಾರುತ್ತಿದೆ ಎಂದು ತಿಳಿಯಬೇಕು.

ಇಲ್ಲಿಗೆ ಪರೀಕ್ಷೆ ಮುಗಿಯಿತೆಂದು ಭಾವಿಸುವವರೇ ಹೆಚ್ಚು. ಬೀಸಣಿಗೆ ತಿರುಗಿತು, ಅಂಕಿಗಳು ಸರಿಯಿವೆ, ಪೆಟ್ಟಿಗೆ ನಿರ್ದೋಷಿ ಎಂದು ಅವರು ತೀರ್ಮಾನಿಸುತ್ತಾರೆ. ಈ ತೀರ್ಮಾನ ಅರ್ಧ ಮಾತ್ರ ನಿಜ. ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತ ನಿಂತ ಎತ್ತನ್ನು ನೋಡಿ ಅದು ಎಷ್ಟು ಭಾರವನ್ನು ಎಳೆದೀತೆಂದು ಹೇಳಬಹುದೆ? ನೊಗಕ್ಕೆ ಹೂಡಿ, ಗಾಡಿ ತುಂಬಿ, ಏರನ್ನು ಹತ್ತಿಸಿದಾಗಲೇ ಅದರ ಬಲ ತಿಳಿಯುವುದು. ಶಕ್ತಿಪೆಟ್ಟಿಗೆಯೂ ಹಾಗೆಯೇ. ಹೊರೆಯಿಲ್ಲದಾಗ ೧೨ ವೋಲ್ಟನ್ನು ನಿರಾಯಾಸವಾಗಿ ತೋರಿಸುವ ಪೆಟ್ಟಿಗೆ, ಸಂಸ್ಕಾರಕವೂ ಡಿಸ್ಕೂ ಬೀಸಣಿಗೆಗಳೂ ಒಟ್ಟಿಗೆ ಬೇಡತೊಡಗಿದಾಗ ಕುಸಿಯಬಹುದು. ಒಳಗಿನ ಧಾರಕಗಳು ವರ್ಷಗಳ ಬಿಸಿಗೆ ಒಣಗಿ ಬಲಗುಂದುವುದೇ ಇದಕ್ಕೆ ಸಾಮಾನ್ಯ ಕಾರಣ.

ನಾನು ಬಲ್ಲ ಊರೊಂದರ ವಾಚನಾಲಯದಲ್ಲಿ ನಡೆದ ಸಂಗತಿ ಇದಕ್ಕೆ ನಿದರ್ಶನವಾಗಿದೆ. ಅಲ್ಲಿನ ಪುಸ್ತಕಗಳ ಪಟ್ಟಿಯನ್ನು ಊರಿನ ತರುಣಿಯೊಬ್ಬಳು ಸಂಬಳವಿಲ್ಲದೆ, ಸಂಜೆಯ ಹೊತ್ತಿನಲ್ಲಿ ಕುಳಿತು ಎರಡು ವರ್ಷ ಕಂಪ್ಯೂಟರಿಗೆ ತುಂಬಿಸಿದ್ದಳು. ಒಂದು ಮಳೆಗಾಲದಲ್ಲಿ ಯಂತ್ರ ಹಟ ಹಿಡಿಯಿತು. ಗುಂಡಿ ಒತ್ತಿದರೆ ಎದ್ದುಕೊಳ್ಳುತ್ತಿತ್ತು. ಎರಡು ನಿಮಿಷ ನಡೆದು ದೀಪವಾರಿದಂತೆ ಆರಿಬಿಡುತ್ತಿತ್ತು. ದುರಸ್ತಿಯವರು ಬಂದು ಕ್ಲಿಪ್ಪಿನ ಪರೀಕ್ಷೆ ಮಾಡಿ, ಪೆಟ್ಟಿಗೆ ಸರಿಯಿದೆಯೆಂದೂ ಮದರ್‌ಬೋರ್ಡು ಸಂಸ್ಕಾರಕಗಳೆರಡೂ ಕೆಟ್ಟಿವೆಯೆಂದೂ ಹೇಳಿದರು. ಯಂತ್ರವನ್ನು ಹಾಗೆಯೇ ಹಳೆಯ ಸಾಮಾನಿಗೆ ಹಾಕಿ ಹೊಸದನ್ನು ಕೊಳ್ಳುವ ಮಾತು ನಡೆಯಿತು. ಪಟ್ಟಿಯ ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ. ಪತ್ರಿಕೆ ಓದಲು ನಿತ್ಯ ಬರುತ್ತಿದ್ದ ನಿವೃತ್ತ ಲೈನ್‌ಮನ್ ಒಬ್ಬರು ಇದನ್ನು ಕೇಳಿ ಮರುದಿನ ತಮ್ಮ ಹಳೆಯ ಮೀಟರನ್ನು ತಂದರು. ಅವರು ಎಲ್ಲ ಪ್ಲಗ್ಗುಗಳನ್ನೂ ಇದ್ದಂತೆಯೇ ಜೋಡಿಸಿ ಯಂತ್ರವನ್ನು ನಡೆಸಿದರು. ಪೆಟ್ಟಿಗೆಯಿಂದ ಬಂದು ಉಪಯೋಗವಿಲ್ಲದೆ ತೂಗಾಡುತ್ತಿದ್ದ ನಾಲ್ಕು ಮನೆಗಳ ಪ್ಲಗ್ಗೊಂದರ ಹಳದಿ ಮತ್ತು ಕಪ್ಪು ಮನೆಗಳಲ್ಲಿ ಮೀಟರಿನ ಕಡ್ಡಿಗಳನ್ನು ಊರಿ ಸುಮ್ಮನೆ ನೋಡುತ್ತ ಕುಳಿತರು. ಮೊದಲು ೧೧.೯ ಇತ್ತು. ಪರದೆ ಬೆಳಗಿದಾಗ ೧೧.೬ ಆಯಿತು. ಡಿಸ್ಕು ಗುರುಗುಟ್ಟತೊಡಗಿದಾಗ ೧೧.೨ಕ್ಕೆ ಇಳಿಯಿತು. ೧೦.೮ ಎಂದು ಕಾಣುವಷ್ಟರಲ್ಲಿ ಯಂತ್ರ ಆರಿಹೋಯಿತು. ಹೊಸ ಶಕ್ತಿಪೆಟ್ಟಿಗೆಯನ್ನು ಹಾಕಿದ ಮೇಲೆ ಅದೇ ಮದರ್‌ಬೋರ್ಡು, ಅದೇ ಸಂಸ್ಕಾರಕ ಎಂದಿನಂತೆ ಕೆಲಸ ಮಾಡಿದವು. ಖರ್ಚು ಹೊಸ ಯಂತ್ರದ ಬೆಲೆಯಲ್ಲಿ ಒಂದು ಸಣ್ಣ ಅಂಶ.

ಲೈನ್‌ಮನ್ನರು ಅನುಸರಿಸಿದುದೇ ಮೂರನೆಯ ಹೆಜ್ಜೆ, ಹೊರೆ ಹೊರಿಸಿ ಅಳೆಯುವುದು. ಯಂತ್ರ ಸ್ವಲ್ಪ ಕಾಲವಾದರೂ ಏಳುತ್ತಿದ್ದರೆ ಇದನ್ನು ಮಾಡಬಹುದು. ಬಿಡುವಾಗಿರುವ ನಾಲ್ಕು ಮನೆಗಳ ಪ್ಲಗ್ಗಿನಲ್ಲಿ ಹಳದಿ, ಕೆಂಪು, ನಡುವೆ ಎರಡು ಕಪ್ಪು ತಂತಿಗಳಿರುವುದರಿಂದ ೧೨ ಮತ್ತು ೫ ವೋಲ್ಟುಗಳೆರಡನ್ನೂ ಅಲ್ಲಿಯೇ ಅಳೆಯಲು ಸಾಧ್ಯ. ಮದರ್‌ಬೋರ್ಡಿನ ಬಳಿಗೆ ಕಡ್ಡಿ ಒಯ್ಯುವ ಅಗತ್ಯವಿಲ್ಲ. ಕಡ್ಡಿ ಜಾರಿ ಎರಡು ಮನೆಗಳನ್ನು ಒಟ್ಟಿಗೆ ಮುಟ್ಟಿದರೆ ಪೆಟ್ಟಿಗೆ ತನ್ನನ್ನು ಕಾಪಾಡಿಕೊಳ್ಳಲು ತಾನೇ ಆರಿಹೋಗುತ್ತದೆ. ಆಗ ಗೋಡೆಯ ತಂತಿಯನ್ನು ಕೆಲವು ನಿಮಿಷ ಕಿತ್ತಿಟ್ಟು ಮತ್ತೆ ಜೋಡಿಸಬೇಕಾಗುತ್ತದೆ. ಆದರೆ ಎಲ್ಲ ಪೆಟ್ಟಿಗೆಗಳಿಗೂ ಈ ಆತ್ಮರಕ್ಷಣೆಯ ಗುಣ ಒಂದೇ ಸಮನಾಗಿರುವುದಿಲ್ಲ.

ಮೀಟರಿನ ಕಣ್ಣಿಗೂ ಒಂದು ಮಿತಿಯಿದೆ. ಅದು ತೋರಿಸುವುದು ಸರಾಸರಿಯನ್ನು. ೧೨ ವೋಲ್ಟ್ ಎಂದು ಸ್ಥಿರವಾಗಿ ತೋರುವ ಪ್ರವಾಹದ ಮೇಲೆ, ಶಾಂತವಾದ ಕೆರೆಯ ಮೇಲಿನ ಕಿರುತೆರೆಗಳಂತೆ, ಕ್ಷಿಪ್ರವಾದ ಏರಿಳಿತಗಳು ಇರಬಹುದು. ೧೨ ವೋಲ್ಟಿನ ತಂತಿಯಲ್ಲಿ ಈ ತೆರೆಗಳು ೧೨೦ ಮಿಲಿವೋಲ್ಟನ್ನೂ ೫ ಮತ್ತು ೩.೩ ವೋಲ್ಟಿನ ತಂತಿಗಳಲ್ಲಿ ೫೦ ಮಿಲಿವೋಲ್ಟನ್ನೂ ಮೀರಬಾರದೆಂದು ಕಟ್ಟಳೆ ಹೇಳುತ್ತದೆ. ಇವನ್ನು ನೋಡಲು ಆಸಿಲೋಸ್ಕೋಪ್ ಎಂಬ ದುಬಾರಿಯ ಉಪಕರಣ ಬೇಕು. ಮನೆಯಲ್ಲಿ ಅದು ಇರುವುದಿಲ್ಲ. ಆದುದರಿಂದ ಅಳತೆಗಳೆಲ್ಲ ಸರಿಯಿದ್ದೂ ಯಂತ್ರ ಕಾರಣವಿಲ್ಲದೆ ನಿಲ್ಲುತ್ತಿದ್ದರೆ ಉಳಿಯುವ ಉಪಾಯ ಒಂದೇ. ಚೆನ್ನಾಗಿ ನಡೆಯುತ್ತಿರುವ ಇನ್ನೊಂದು ಕಂಪ್ಯೂಟರಿನಿಂದ ಸಾಕಷ್ಟು ಸಾಮರ್ಥ್ಯದ ಪೆಟ್ಟಿಗೆಯನ್ನು ಎರವಲು ತಂದು ಜೋಡಿಸಿ ನೋಡುವುದು. ಬಹಳ ಸರಳವಾದ ಈ ವಿಧಾನವನ್ನು ಪಂಡಿತರು ಅಷ್ಟಾಗಿ ಹೊಗಳುವುದಿಲ್ಲ. ಕಸುಬಿನವರು ಮಾತ್ರ ಇದನ್ನೇ ನಂಬುತ್ತಾರೆ.

ಎರವಲು ಪೆಟ್ಟಿಗೆಯಿಂದಲೂ ಯಂತ್ರ ಏಳದಿದ್ದರೆ ದೋಷ ಬೇರೆಡೆ ಇದೆ. ಆಗಲೂ ನೇರವಾಗಿ ಮದರ್‌ಬೋರ್ಡಿಗೆ ಹಾರಬೇಕಾಗಿಲ್ಲ. ಮುಂದಿನ ಗುಂಡಿಯೇ ಸವೆದು ತನ್ನ ಅರಿಕೆಯನ್ನು ಮುಟ್ಟಿಸದೆ ಇರಬಹುದು. ಆ ಗುಂಡಿಯ ಎರಡು ಎಳೆಗಳು ಮದರ್‌ಬೋರ್ಡಿನ ಎರಡು ಪುಟ್ಟ ಕಡ್ಡಿಗಳಿಗೆ ಹೋಗಿ ಸೇರುತ್ತವೆ. ಅಲ್ಲಿಗೆ ಪಕ್ಕದಲ್ಲಿಯೇ ಇರುವ ಮರುಚಾಲನೆಯ ಗುಂಡಿಯ ಎಳೆಗಳನ್ನು ಬದಲಾಗಿ ಸಿಕ್ಕಿಸಿ ಒತ್ತಿ ನೋಡಿದರೆ ನಿಜ ತಿಳಿಯುತ್ತದೆ.

ಪೆಟ್ಟಿಗೆ ಕೆಟ್ಟಿರುವುದು ಖಚಿತವಾಗಿ ಹೊಸದನ್ನು ಕೊಳ್ಳುವಾಗ, ಮೇಲೆ ದಪ್ಪಕ್ಷರದಲ್ಲಿ ಬರೆದ ವ್ಯಾಟಿನ ಸಂಖ್ಯೆಗಿಂತ ಪಕ್ಕದ ಚೀಟಿಯ ಸಣ್ಣಕ್ಷರದ ಕೋಷ್ಟಕವನ್ನು ಓದಬೇಕು. ಈಗಿನ ಯಂತ್ರಗಳು ಹೆಚ್ಚಾಗಿ ಬಳಸುವುದು ೧೨ ವೋಲ್ಟನ್ನು. ಅದರ ಎದುರು ೧೮ ಆಂಪೇರ್ ಎಂದಿದ್ದರೆ, ೧೨ನ್ನು ೧೮ರಿಂದ ಗುಣಿಸಿದಾಗ ದೊರೆಯುವುದು ೨೧೬ ವ್ಯಾಟ್ ಮಾತ್ರ. ಮೇಲೆ ೪೫೦ ಎಂದು ಬರೆದಿದ್ದರೂ ಅಷ್ಟೆ. ಕೆಟ್ಟ ಹಳೆಯ ಪೆಟ್ಟಿಗೆಯೊಳಗಿನ ತಾಮ್ರದ ಸುರುಳಿ ನಿಮ್ಮನ್ನು ಆಕರ್ಷಿಸಬಹುದು. ಧಾರಕದ ಮಾತನ್ನು ನೆನಪಿನಲ್ಲಿಟ್ಟು ಅದನ್ನು ಒಡೆಯದೆ ವಿದ್ಯುನ್ಮಾನ ತ್ಯಾಜ್ಯವನ್ನು ಪಡೆಯುವ ಅಧಿಕೃತ ಸಂಗ್ರಾಹಕರಿಗೆ ಒಪ್ಪಿಸಬೇಕು. ೨೦೨೩ರ ಏಪ್ರಿಲಿನಿಂದ ಜಾರಿಗೆ ಬಂದಿರುವ ನಿಯಮಗಳು ಇದಕ್ಕೆ ವ್ಯವಸ್ಥೆ ಮಾಡಿವೆ.

ಹೊಸ ಪೆಟ್ಟಿಗೆಯನ್ನು ಜೋಡಿಸಿದ ದಿನವೇ ಯಂತ್ರ ಕೆಲಸ ಮಾಡುತ್ತಿರುವಾಗ ಹಳದಿ ಮತ್ತು ಕೆಂಪು ತಂತಿಗಳ ಅಳತೆಯನ್ನು ತೆಗೆದು, ದಿನಾಂಕದೊಡನೆ ಒಂದು ಚೀಟಿಯಲ್ಲಿ ಬರೆದು ಪಕ್ಕದ ಹಲಗೆಯ ಒಳಮೈಗೆ ಅಂಟಿಸಿಡುವುದು ಅನುಕೂಲ. ಎರಡು ಮೂರು ವರ್ಷಗಳ ಅನಂತರ ಯಂತ್ರ ಮತ್ತೆ ತಕರಾರು ಮಾಡಿ ಯಾರಾದರೂ ಆ ಹಲಗೆಯನ್ನು ತೆಗೆದಾಗ, ಇಂದಿನ ಅಂಕಿಯನ್ನು ಯಾವುದರೊಡನೆ ಹೋಲಿಸಬೇಕೆಂಬುದು ಅವರಿಗೆ ಅಲ್ಲಿಯೇ ಸಿಕ್ಕುತ್ತದೆ.